ಏಳು ವರ್ಷದ ಹಿಂದೆ ಎರಡು ಸಲ ಬಂದ ಫಿಟ್ಸ್‌ಗೆ ಈಗ ಕೆಲಸ ಹೋಯ್ತು. ನನ್ನ ಆಸ್ಪತ್ರೆ ಕಾಗದ ಯಾರ್ಯಾರು ನೋಡಬಹುದು?

ತುಂಗೆಯ ಮಗಳು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಬರೆಯೋದು, ಅಳಿಸೋದು ಇದೇ ಆಯ್ತು. ಇವತ್ತು ಬರೆದೇ ಬಿಡ್ತೀನಿ.

ನನಗೆ 24. ಬಿ.ಕಾಂ. ಮುಗಿಸಿ ಇಲ್ಲೇ ಒಬ್ಬ ಆಡಿಟರ್ ಹತ್ತಿರ ಎರಡೂವರೆ ವರ್ಷ ಕೆಲಸ ಮಾಡಿದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಮೂರು ಸುತ್ತು ಇಂಟರ್‌ವ್ಯೂ ಆಗಿ ಆಫರ್ ಲೆಟರ್ ಬಂತು. ಆಡಿಟರ್ ಸರ್‌ಗೆ ಹೇಳಿ ಕೆಲಸ ಬಿಟ್ಟೆ, ಪಿ.ಜಿ.ಗೆ ಅಡ್ವಾನ್ಸ್ ಕೊಟ್ಟೆ. ಅಮ್ಮ ಚಟ್ನಿಪುಡಿ, ಹಪ್ಪಳ ಎಲ್ಲಾ ಡಬ್ಬಿಗೆ ತುಂಬಿಟ್ಟಿದ್ದರು. ಜಾಯ್ನಿಂಗ್‌ಗೆ ಮುಂಚೆ ಮೆಡಿಕಲ್ ಆಗಬೇಕು ಅಂತ ಕಂಪನಿಯವರೇ ಒಂದು ಡಯಾಗ್ನೋಸ್ಟಿಕ್ ಸೆಂಟರ್‌ಗೆ ಕಳಿಸಿದರು.

ಅಲ್ಲಿ ನಾಲ್ಕು ಪುಟದ ಫಾರ್ಮ್. ಮೂರನೇ ಪುಟದಲ್ಲಿ ‘ಈ ಕೆಳಗಿನ ಕಾಯಿಲೆಗಳಲ್ಲಿ ಯಾವುದಾದರೂ ನಿಮಗೆ ಎಂದಾದರೂ ಬಂದಿತ್ತೇ’ ಅಂತ ಪ್ರಶ್ನೆ. ಟಿ.ಬಿ., ಸಕ್ಕರೆ, ಕಾಮಾಲೆ, ಮಾನಸಿಕ ಕಾಯಿಲೆ, ಫಿಟ್ಸ್, ಮುಟ್ಟಿನ ತೊಂದರೆ, ಗರ್ಭಪಾತ. ಪ್ರತಿಯೊಂದರ ಮುಂದೆ ಎರಡು ಚೌಕ. ಫಿಟ್ಸ್ ಮುಂದೆ ‘ಹೌದು’ ಅಂತ ಗುರುತು ಹಾಕಿದೆ. ಯಾಕೆಂದರೆ ಅದು ನಿಜ.

ಸೆಕೆಂಡ್ ಪಿಯುಸಿಯಲ್ಲಿದ್ದಾಗ ಕಾಲೇಜಿನ ಕಾರಿಡಾರ್‌ನಲ್ಲಿ ಬಿದ್ದಿದ್ದೆ. ಯಾರೋ ಕೈಗೆ ಬೀಗದಕೈ ಗೊಂಚಲು ಹಿಡಿಸಿದ್ದರು. ಎಚ್ಚರ ಆದಾಗ ಅಂಗೈ ತುಂಬಾ ಅದರ ಅಚ್ಚು ಮೂಡಿತ್ತು. ಎಂಟು ದಿನಕ್ಕೆ ಮನೆಯಲ್ಲಿ ಇನ್ನೊಂದು ಸಲ ಬಂತು. ಸ್ಕ್ಯಾನ್ ಮಾಡಿದರೆ ಮೆದುಳಿನಲ್ಲಿ ಕಡಲೆಕಾಳಿನಷ್ಟು ಸಣ್ಣ ಗಂಟು, ಲಾಡಿಹುಳದ್ದು ಅಂದರು. ನಿಮ್ಹಾನ್ಸ್‌ಗೆ ಹೋದೆವು. ಚೆನ್ನಾಗಿ ನೋಡಿಕೊಂಡರು. ಎರಡೂವರೆ ವರ್ಷ ಕಾರ್ಬಮಜೆಪಿನ್ ಗುಳಿಗೆ ತಗೊಂಡೆ. ಆಮೇಲೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಆ ಎರಡು ಸಲ ಬಿಟ್ಟರೆ ಇವತ್ತಿನವರೆಗೂ ಮತ್ತೆ ಬಂದಿಲ್ಲ.

ಇದನ್ನೆಲ್ಲ ಸೆಂಟರಿನ ಡಾಕ್ಟರಿಗೆ ಹೇಳಿ, ನಂಬಲಿ ಅಂತ ನಿಮ್ಹಾನ್ಸ್ ಚೀಟಿಯನ್ನೂ ತೋರಿಸಿದೆ. ಅದರ ಜೆರಾಕ್ಸ್ ಇಟ್ಟುಕೊಂಡರು.

ಐದನೇ ದಿನ ಇಮೇಲ್ ಬಂತು. ‘ವ್ಯಾವಹಾರಿಕ ಅಗತ್ಯಗಳ ಮರುಪರಿಶೀಲನೆ’ಯಿಂದಾಗಿ ಆಫರ್ ವಾಪಸ್. ಫೋನ್ ಮಾಡಿದೆ. ಎಚ್‌ಆರ್ ಹುಡುಗಿ ದನಿ ತಗ್ಗಿಸಿ, “ಮೇಡಂ, ನಿಮ್ಹಾನ್ಸ್ ಅಂತ ನೋಡಿ ಮ್ಯಾನೇಜರ್ ಬೇಡ ಅಂದುಬಿಟ್ರು. ನಾನು ಹೇಳಿದೆ ಅನ್ಬೇಡಿ” ಅಂದಳು.

ಅಷ್ಟಕ್ಕೇ ಮುಗಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲವೇನೋ. ಆ ಕಂಪನಿಯಲ್ಲಿ ನಮ್ಮ ಬೀದಿಯವರೊಬ್ಬರ ಮಗ ಇದ್ದಾನೆ. ಹೋದ ವಾರ ಹೂವಿನ ಅಂಗಡಿ ಹತ್ತಿರ ಒಬ್ಬರು ಅಮ್ಮನನ್ನು ನಿಲ್ಲಿಸಿ, “ಮಗಳಿಗೆ ತಲೆ ಸರಿ ಇಲ್ವಂತೆ, ಪಾಪ, ಮೊದಲೇ ಹೇಳಬಾರದಿತ್ತಾ” ಅಂದರಂತೆ. ಅಮ್ಮ ಮನೆಗೆ ಬಂದು ಯಾರ ಹತ್ತಿರಾನೂ ಮಾತಾಡಲಿಲ್ಲ. ಡಬ್ಬಿಗಳು ಕಟ್ಟಿದ ಹಾಗೇ ಇವೆ.

ನಿಜ ಬರೆದದ್ದು ನನ್ನ ತಪ್ಪಾ? ಆ ಕಾಗದ ಬೀದಿಗೆ ಬರುವ ತನಕ ಎಷ್ಟು ಜನ ಅದನ್ನು ನೋಡಿರಬಹುದು?

ಪೀಣ್ಯದವನು

ತಂಗಿ, 14 ವರ್ಷದಿಂದ ಎಚ್‌ಆರ್ ಕೆಲಸ ಮಾಡ್ತಿದ್ದೀನಿ. ಮೂರು ಕಂಪನಿ ನೋಡಿದ್ದೀನಿ. ನಿಮ್ಮ ಎರಡನೇ ಪ್ರಶ್ನೆಗೆ ನನಗೆ ಗೊತ್ತಿರೋದನ್ನ ಪೂರ್ತಿ ಹೇಳ್ತೀನಿ.

ಮೆಡಿಕಲ್ ಸೆಂಟರ್‌ಗೂ ಕಂಪನಿಗೂ ತಲೆಗಿಷ್ಟು ಅಂತ ಪ್ಯಾಕೇಜ್ ಮಾತಾಗಿರುತ್ತೆ. ದುಡ್ಡು ಕೊಡೋದು ಕಂಪನಿ, ಹಾಗಾಗಿ ರಿಪೋರ್ಟ್ ಬರೋದು ಕಂಪನಿಗೆ. ಎಷ್ಟೋ ಕಡೆ ಅಭ್ಯರ್ಥಿಗೆ ಒಂದು ಪ್ರತಿ ಕೂಡ ಸಿಗಲ್ಲ. ರಿಪೋರ್ಟಿನ ಪಿಡಿಎಫ್ ಒಬ್ಬರ ಹೆಸರಿಗೆ ಬರಲ್ಲ, ನೇಮಕಾತಿ ವಿಭಾಗದ ಸಾಮಾನ್ಯ ಇಮೇಲ್‌ಗೆ ಬರುತ್ತೆ. ಅದನ್ನು ತೆರೆಯೋರು ಐದಾರು ಜನ. ರಿಪೋರ್ಟ್‌ನಲ್ಲಿ ಕೆಂಪು ಗುರುತು ಇದ್ದರೆ “ಏನು ಮಾಡೋಣ ಸರ್” ಅಂತ ಮ್ಯಾನೇಜರ್‌ಗೆ ಫಾರ್ವರ್ಡ್. ಮ್ಯಾನೇಜರ್ ತನ್ನ ಮೇಲಿನವರಿಗೆ. ಮಧ್ಯೆ ಕನ್ಸಲ್ಟೆನ್ಸಿಯವನು ಫೋನ್ ಮಾಡಿ “ಯಾಕೆ ರಿಜೆಕ್ಟ್” ಅಂತ ಕೇಳಿದರೆ ಅವನಿಗೂ ಒಂದು ಮಾತಿನಲ್ಲಿ ಹೇಳಿಬಿಡ್ತಾರೆ. ಯಾರಿಗೂ ಕೆಟ್ಟ ಉದ್ದೇಶ ಇರಲ್ಲ. ಆದರೆ ಕೊನೆಗೆ ಲೆಕ್ಕ ಹಾಕಿದರೆ ನಿಮ್ಮ ಮುಟ್ಟಿನ ತೊಂದರೆಯಿಂದ ಹಿಡಿದು ಫಿಟ್ಸ್ ತನಕ ಹತ್ತು ಹನ್ನೆರಡು ಜನ ಓದಿರ್ತಾರೆ, ಅದರಲ್ಲಿ ಒಬ್ಬನೂ ಡಾಕ್ಟರ್ ಅಲ್ಲ.

ನಾನೂ ಹಾಗೆ ಫಾರ್ವರ್ಡ್ ಮಾಡಿದ್ದೀನಿ. ಒಬ್ಬ ಹುಡುಗನಿಗೆ ಕಾಲೇಜು ದಿನಗಳಲ್ಲಿ ಖಿನ್ನತೆಗೆ ಚಿಕಿತ್ಸೆ ಆಗಿತ್ತು, ಅವನೇ ಬರೆದಿದ್ದ. ಅವನ ಆಫರ್ ನಿಂತು ಹೋಯ್ತು. ಆ ಮೇಲ್ ಕಳಿಸಿದ್ದು ನಾನು. ಅವನ ಮುಖ ಇನ್ನೂ ನೆನಪಿದೆ.

ಇನ್ನೊಂದು ದಾರಿ ಗುಂಪು ವಿಮೆ. ನೀವು ಕ್ಲೇಮ್ ಹಾಕಿದರೆ ಬ್ರೋಕರ್ ಕಡೆಯಿಂದ ಒಂದು ಶೀಟ್ ಬರುತ್ತೆ. ನೌಕರನ ಹೆಸರು, ರೋಗಿ ಯಾರು, ಆಸ್ಪತ್ರೆ, ಕಾಯಿಲೆ, ಮೊತ್ತ. ಪ್ರೀಮಿಯಂ ಮಾತುಕತೆಗೆ ಕಂಪನಿಗೆ ಬೇಕಾಗಿರೋದು ಒಟ್ಟು ಮೊತ್ತ ಮಾತ್ರ. ಹೆಸರಿನ ಕಾಲಮ್ ತೆಗೆದು ಕಳಿಸಿ ಅಂತ ನಾನು ಈಗಿನ ಕಂಪನಿಯಲ್ಲಿ ಬರೆದು ಕೇಳಿದೆ. ಒಂದೇ ಮೇಲ್‌ಗೆ ತೆಗೆದರು! ಅಲ್ಲಿಯ ತನಕ ಯಾರೂ ಕೇಳಿಯೇ ಇರಲಿಲ್ಲ.

ಕುಲುಮೆ ಹತ್ತಿರದವ, ಬಳ್ಳಾರಿ ಜಿಲ್ಲೆ

ಎಲ್ಲರೂ ಒಂದೇ ಕಡೆ ಮಾತಾಡ್ತಾ ಇದ್ದೀರಿ, ಇನ್ನೊಂದು ಕಡೆನೂ ಕೇಳಿ. ನಾನು ಉಕ್ಕಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಕರಗಿದ ಲೋಹದ ಬಾನಿ ಎತ್ತೋ ಕ್ರೇನ್ ನಮ್ಮದು. ಒಂದ್ಸಲ ಕ್ಯಾಬಿನ್‌ನಲ್ಲೇ ಒಬ್ಬನಿಗೆ ಫಿಟ್ಸ್ ಬಂತು. ಬಾನಿ ಆಗ ಖಾಲಿ ಇತ್ತು. ತುಂಬಿದ್ದಿದ್ದರೆ ಕೆಳಗಿದ್ದ ನಾವು ನಾಲ್ಕು ಜನ ಇವತ್ತು ಇರ್ತಿರಲಿಲ್ಲ. ಅವನಿಗೆ ಮುಂಚೆಯಿಂದಲೂ ಇತ್ತು, ಕೆಲಸ ಹೋಗುತ್ತೆ ಅಂತ ಹೇಳಿರಲಿಲ್ಲ. ಅವತ್ತಿಂದ ನಾನು ಕೇಳ್ತೀನಿ, ಮುಂದೂ ಕೇಳ್ತೀನಿ. ತಂಗಿ ಬಗ್ಗೆ ನನಗೆ ಬೇಸರ ಇದೆ. ಆದರೆ ಕೇಳಲೇಬಾರದು ಅನ್ನೋದನ್ನ ಒಪ್ಪಲ್ಲ.

ತುಂಗೆಯ ಮಗಳು, ಶಿವಮೊಗ್ಗ

ಅಣ್ಣಾ, ನಿಮ್ಮ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ನಾನು ಕ್ರೇನ್ ಹತ್ತುವವಳಲ್ಲ. ಟ್ಯಾಲಿ ಮುಂದೆ ಕೂತು ಜಿಎಸ್‌ಟಿ ಲೆಕ್ಕ ನೋಡುವವಳು. ಅವನಿಗೆ ಆಗ ಫಿಟ್ಸ್ ಬರುತ್ತಿತ್ತು, ನನಗೆ ಏಳು ವರ್ಷದಿಂದ ಇಲ್ಲ. ಇಬ್ಬರಿಗೂ ಒಂದೇ ಚೌಕ ಯಾಕೆ ಅನ್ನೋದೇ ನನ್ನ ದುಃಖ.

ಓದುಗ 77

ಹಿಪಾ ಕಾಯ್ದೆ ಇದೆಯಲ್ಲ, ಅದರ ಅಡಿ ನೋಟಿಸ್ ಕೊಡಿ. ಕೋಟಿಗಟ್ಟಲೆ ಪರಿಹಾರ ಬರುತ್ತೆ.

ಕೋಟೆ ಊರಿನ ವಕೀಲ

ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತೇನೆ. ಮೊದಲಿಗೆ, ಹಿಪಾ ಎಂದರೆ ರೋಗಿಗಳ ಆರೋಗ್ಯ ಮಾಹಿತಿ ಕಾಪಾಡುವ ಅಮೆರಿಕದ 1996ರ ಕಾಯ್ದೆ. ಇಲ್ಲಿ ಅದರ ಹೆಸರಲ್ಲಿ ನೋಟಿಸ್ ಕೊಟ್ಟರೆ ಉಪಯೋಗವಿಲ್ಲ. ಅಲ್ಲೂ ಅದು ಮುಖ್ಯವಾಗಿ ಕಟ್ಟಿಹಾಕುವುದು ಆಸ್ಪತ್ರೆ, ವಿಮೆಯವರನ್ನು. ಕೆಲಸ ಕೊಟ್ಟವರು ನೌಕರನ ಕಡತದಲ್ಲಿ ಇಟ್ಟುಕೊಂಡ ಕಾಗದಕ್ಕೆ ಅದು ಅನ್ವಯವಾಗುವುದಿಲ್ಲ.

ನಮ್ಮಲ್ಲಿ ಇರುವುದು ತುಂಡು ತುಂಡು ಕಾನೂನು. ಅತ್ಯಂತ ಗಟ್ಟಿಯಾದದ್ದು ಎಚ್‌ಐವಿಗೆ ಸಂಬಂಧಿಸಿದ್ದು. 2017ರ ಆ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸಕ್ಕೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ಸರ್ಕಾರಿ, ಖಾಸಗಿ ಎರಡಕ್ಕೂ ಇದು ಅನ್ವಯ. ಅದರ ಹಿಂದೆ ಒಂದು ದೊಡ್ಡ ಹೋರಾಟ ಇದೆ. 1997ರಲ್ಲಿ ಬಾಂಬೆ ಹೈಕೋರ್ಟ್ ಒಬ್ಬ ದಿನಗೂಲಿ ಕಾರ್ಮಿಕನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಸಾರ್ವಜನಿಕ ವಲಯದ ಸಂಸ್ಥೆಯೊಂದು ಎಚ್‌ಐವಿ ಇದೆ ಎಂದು ಅವನ ಹೆಸರನ್ನು ಪಟ್ಟಿಯಿಂದ ತೆಗೆದಿತ್ತು. ಕೆಲಸ ಮಾಡಲು ದೇಹ ಶಕ್ತವಾಗಿದ್ದು, ಸುತ್ತಲಿನವರಿಗೆ ಗಣನೀಯ ಅಪಾಯ ಇಲ್ಲದಿದ್ದರೆ ಬರೀ ಸೋಂಕಿನ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ಕೋರ್ಟ್ ಹೇಳಿತು. ಹೆಸರು ಮರೆಮಾಚಿ, ಬರೀ ಅಕ್ಷರಗಳ ಗುರುತಿನಲ್ಲಿ ಮೊಕದ್ದಮೆ ನಡೆಸಲು ಅವನಿಗೆ ಅವಕಾಶ ಕೊಟ್ಟಿತು. ಆ ಮನುಷ್ಯ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆ ಇರುವುದೇ ಅವನ ಗೆಲುವು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ. ಮಾನಸಿಕ ಕಾಯಿಲೆ, ದೀರ್ಘಕಾಲದ ನರಸಂಬಂಧಿ ಕಾಯಿಲೆ ಅಲ್ಲಿವೆ. ಸರ್ಕಾರಿ ನೌಕರನಿಗೆ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಆರ್‌ಪಿಎಫ್ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಅವರ ಮೊಕದ್ದಮೆಯಲ್ಲಿ ಮಾನಸಿಕ ಕಾಯಿಲೆಯ ಹಿನ್ನೆಲೆಯಿದ್ದ ವರ್ತನೆಗೆ ನಡೆಸಿದ ಶಿಸ್ತು ಕ್ರಮವನ್ನು ತಾರತಮ್ಯ ಎಂದು ರದ್ದು ಮಾಡಿತು.

ಈಗ ನಿಮ್ಮ ವಿಷಯ. ಕಾಯಿಲೆ ಇರುವವರಿಗೆ ಇಷ್ಟಾದರೂ ಆಸರೆ ಇದೆ. ಬಂದು ಹೋದವರಿಗೆ? ಆ 21ರಲ್ಲಿ ‘ಗುಣವಾದವರು’ ಎಂದು ಹೆಸರಿಟ್ಟು ಹೇಳಿರುವುದು ಕುಷ್ಠದ ವಿಷಯದಲ್ಲಿ ಮಾತ್ರ. ಅದೂ ಅಂಗದಲ್ಲಿ ಗುರುತು ಉಳಿದವರಿಗೆ. ನಿಮ್ಮ ಗುರುತು ಅಂಗದಲ್ಲಿಲ್ಲ, ಕಾಗದದಲ್ಲಿದೆ. ಖಾಸಗಿ ಕಂಪನಿಯ ಮೇಲೆ, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುವ ಸಂವಿಧಾನದ 16ನೇ ವಿಧಿಯನ್ನು ನೇರವಾಗಿ ಎತ್ತಿಹಿಡಿಯಲೂ ಆಗುವುದಿಲ್ಲ. ಕೆಲಸ ವಾಪಸ್ ಕೊಡಿಸುತ್ತೇನೆ ಎಂದು ಯಾರಾದರೂ ವಕೀಲರು ದುಡ್ಡು ಕೇಳಿದರೆ ಹುಷಾರಾಗಿರಿ.

ಆದರೆ ಕಾಗದದ ವಿಷಯದಲ್ಲಿ ನಿಮಗೆ ಬಲ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯ 2011ರ ನಿಯಮಗಳಲ್ಲಿ ಆರೋಗ್ಯ ಸ್ಥಿತಿ, ವೈದ್ಯಕೀಯ ದಾಖಲೆ ಎರಡನ್ನೂ ಸೂಕ್ಷ್ಮ ಮಾಹಿತಿ ಎಂದೇ ಬರೆದಿದ್ದಾರೆ. ಲಿಖಿತ ಒಪ್ಪಿಗೆ ಇಲ್ಲದೆ ಸಂಗ್ರಹಿಸುವಂತಿಲ್ಲ, ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ನಿಮ್ಮ ಮಾಹಿತಿಯನ್ನು ನೋಡುವ, ತಿದ್ದಿಸುವ, ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕು ನಿಮ್ಮದು. ಕಂಪನಿ ದೂರು ಅಧಿಕಾರಿಯನ್ನು ನೇಮಿಸಿರಬೇಕು, ಅವರು ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು. ಇದನ್ನು ಬಳಸುವವರೇ ಕಡಿಮೆ.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆಯಲ್ಲ ಎಂದು ಕೇಳಬಹುದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗಕ್ಕೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ನನಗೆ ಚಿಂತೆ ಎಂದರೆ, ಅದರಲ್ಲಿ ಆರೋಗ್ಯದ ಮಾಹಿತಿಗೆ ‘ಸೂಕ್ಷ್ಮ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಮೇಲಾಗಿ, ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಎಂಬ ಅವಕಾಶ 7ನೇ ಕಲಮಿನಲ್ಲಿದೆ. ಈ ಬಾಗಿಲು ಎಷ್ಟು ಅಗಲ ತೆರೆದುಕೊಳ್ಳುತ್ತದೆ ಎಂಬುದನ್ನು ನಾವೆಲ್ಲ ಕಣ್ಣಿಟ್ಟು ನೋಡಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಯಾರ ಅರ್ಜಿಯ ಮೇಲೆ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 80 ದಾಟಿದ ಮೇಲೆ ಅವರು ಆ ಹೋರಾಟಕ್ಕೆ ಇಳಿದರು. ಆಸ್ಪತ್ರೆಗೆ ಕೊಟ್ಟ ದಾಖಲೆಯನ್ನು ಅನುಮತಿಯಿಲ್ಲದೆ ಬೇರೆಯವರ ಕೈಗೆ ಕೊಟ್ಟರೆ ಅದು ಖಾಸಗಿತನದ ಮೇಲಿನ ಆಕ್ರಮಣ ಎಂಬ ಮಾತು ಆ ತೀರ್ಪಿನಲ್ಲೇ ಇದೆ. ಪತ್ರದಲ್ಲಿ ಅದನ್ನೂ ಬರೆಯೋಣ. ಕರಡು ನಾನು ಮಾಡಿಕೊಡುತ್ತೇನೆ, ಫೀಸ್ ಬೇಡ.

ಕಡಲ ತಡಿಯವ, ಉಡುಪಿ ಕಡೆ

ನಮ್ಮಲ್ಲಿ ಇದು ಮನೆಮನೆಯ ಕತೆ ಮಾರಾಯ್ರೆ. ಗಲ್ಫಿಗೆ ಹೋಗ್ಲಿಕ್ಕೆ ಮೆಡಿಕಲ್ ಆಗ್ಬೇಕು. ಮೊದಲು ಗಾಮ್ಕಾ ಹೇಳ್ತಿದ್ರು, ಈಗ ವಾಫಿದ್. ನಂಗೆ ಹತ್ತೊಂಬತ್ತು ವರ್ಷ ಇರುವಾಗ ಟಿ.ಬಿ. ಆಗಿತ್ತು. ಆರು ತಿಂಗಳು ಒಂದು ದಿನ ತಪ್ಪದೆ ಮಾತ್ರೆ ತಗೊಂಡೆ. ಸರ್ಕಾರಿ ಆಸ್ಪತ್ರೆಯ ಕಾರ್ಡಿನಲ್ಲಿ ಗುಣ ಆಗಿದೆ ಹೇಳಿ ಬರೆದು ಕೊಟ್ರು. ಕಾರ್ಡ್ ಈಗಲೂ ಉಂಟು.

ಹತ್ತು ವರ್ಷದ ನಂತರ ಸೌದಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಸಿಕ್ತು. ಎಕ್ಸ್‌ರೇ ತೆಗೆದ್ರು. ಎಡಗಡೆ ಶ್ವಾಸಕೋಶದ ಮೇಲ್ಗಡೆ ಒಂದು ಬಿಳಿ ಕಲೆ, ಉಗುರಿನಷ್ಟು. ಹಳೇ ಗಾಯದ ಗುರುತು. ಕಫ ಪರೀಕ್ಷೆ ಮಾಡಿ ಹೇಳಿ ಕೇಳಿಕೊಂಡೆ. ಕಲೆ ಇದ್ರೆ ಅನ್‌ಫಿಟ್, ನಮ್ಮ ಕೈಯಲ್ಲಿ ಎಂತದೂ ಇಲ್ಲ ಹೇಳಿದ್ರು. ಅದನ್ನು ಆನ್‌ಲೈನ್ ಹಾಕ್ತಾರೆ. ಪಾಸ್‌ಪೋರ್ಟ್ ನಂಬರ್ ಹೊಡೆದ್ರೆ ಸಾಕು, ಏಜೆಂಟ್ ಮೊಬೈಲ್‌ನಲ್ಲೇ ನೋಡಿ ಬೇರೆ ದೇಶಕ್ಕೂ ಆಗುದಿಲ್ಲ ಅಂದ. ವೀಸಾಕ್ಕೆ ಸಾಲ ಮಾಡಿ ಕೊಟ್ಟ ದುಡ್ಡು ಅರ್ಧವೂ ವಾಪಸ್ ಬರಲಿಲ್ಲ.

ಅಕ್ಕಾ, ನಿಮ್ಮದು ಒಂದು ಕಂಪನಿಯ ಇಮೇಲಲ್ಲಿ ಉಂಟು. ನನ್ನದು ಎದೆಯೊಳಗೇ ಉಂಟು. ಎಂತ ಕಾನೂನು ತಂದ್ರೂ ಎಕ್ಸ್‌ರೇ ಹೇಳಿಯೇ ಹೇಳ್ತದೆ. ನಂಗೆ ಬೇಕಾದ್ದು ಇಷ್ಟೇ. ಕಲೆ ಬೇರೆ, ಕಾಯಿಲೆ ಬೇರೆ ಹೇಳಿ ನೋಡುವವರಿಗೆ ಗೊತ್ತಾಗ್ಬೇಕು.

ತಾಲೂಕಾ ಡಾಕ್ಟ್ರು, ಧಾರವಾಡ ಜಿಲ್ಲಾ

ತಂಗಿ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಹೂವಿನ ಅಂಗಡಿ ಮುಂದ ನಿಂತ ನಿಮ್ಮ ತಾಯಿ ಕಣ್ಣಮುಂದ ಬಂದ್ರು.

ಮೊದಲು ರೋಗದ ಮಾತು. ನಿನಗ ಆಗಿದ್ದು ನಮ್ಮ ದೇಶದಾಗ ಭಾಳ ಸಾಮಾನ್ಯ. ಹುಳದ ತತ್ತಿ ಹೊಟ್ಟಿಗೆ ಹೋಗಬೇಕಂದ್ರ ಮಾಂಸ ತಿನ್ನಬೇಕಂತಿಲ್ಲ. ಸರಿಯಾಗಿ ತೊಳೀಲಾರದ ಸೊಪ್ಪು, ಗಜ್ಜರಿ, ಹೊಲಸು ನೀರು ಸಾಕು. ಗಂಟು ಒಣಗಿ, ಔಷಧ ಬಿಟ್ಟು ಇಷ್ಟು ವರ್ಷ ಆರಾಮ ಇದ್ದೀ ಅಂದ್ರ ಅಕೌಂಟ್ಸ್ ಕೆಲಸಕ್ಕ ಅಡ್ಡಿ ಅನ್ನೋ ಮಾತು ಎಲ್ಲಿಂದ ಬರ್ತದ? ಫಿಟ್ಸ್ ಇದ್ದವರೊಳಗ 70 ಪರ್ಸೆಂಟ್ ಮಂದಿ ತನಕ ಸರಿಯಾದ ಔಷಧ ಸಿಕ್ಕರ ಫಿಟ್ಸ್ ಇಲ್ಲದ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ತದ. ಇನ್ನ ನಿಮ್ಹಾನ್ಸ್ ಅಂದ್ರ ಬರೀ ಮನಸ್ಸಿನ ಕಾಯಿಲೆ ಅಂತ ತಿಳಕೊಂಡಾರಲ್ಲ, ಆ ಹೆಸರಿನ್ಯಾಗ ನರವಿಜ್ಞಾನನೂ ಅದ. ಮನಸ್ಸಿನ ಕಾಯಿಲೆನೇ ಆಗಿದ್ದರೂ ಅದಕ್ಕ ನಾಚಿಕಿ ಪಡೋದು ಏನಿಲ್ಲ. ಅದನ್ನ ಬ್ಯಾರೆ ಹೇಳಬೇಕು.

ಕುಲುಮೆ ಅಣ್ಣಾರ ಮಾತು ಖರೆ ಅದ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯೊಳಗೂ ಫಾರ್ಮ್ 1ರಾಗ ಫಿಟ್ಸ್ ಬಗ್ಗೆ ಕೇಳ್ತಾರ, ಕೇಳಬೇಕು. ಆದ್ರ ಅಲ್ಲಿ ಕೇಳೋದು ಗಾಡಿ ಓಡಿಸೋ ಕೆಲಸಕ್ಕ. ನನ್ನ ಕಡೆ ಯಾವುದರೆ ಕಂಪನಿ ಮಂದಿ ಕಳಿಸಿದ್ರ ನಾ ಮೊದಲು ಕೇಳೋದು, ಈ ಮನುಷ್ಯಾ ಏನು ಕೆಲಸ ಮಾಡಾಂವ? ಎತ್ತರದ ಮ್ಯಾಲೋ, ಬೆಂಕಿ ಮುಂದೋ, ಕುರ್ಚಿ ಮ್ಯಾಲೋ? ಆ ಕೆಲಸಕ್ಕ ಈಗ ಆಗ್ತಾನೋ ಇಲ್ಲೋ, ಅಷ್ಟು ನೋಡಿ ಒಂದು ಸಾಲು ಬರದು ಕೊಡ್ತೀನಿ. ಯಾವ ಕಾಯಿಲೆ, ಯಾವಾಗ, ಯಾವ ದವಾಖಾನಿ ಅದು ನನ್ನ ಕಡತದಾಗ ಇರ್ತದ. ವೈದ್ಯರ 2002ರ ನೀತಿ ನಿಯಮದೊಳಗ ರೋಗಿ ಗುಟ್ಟು ಬಿಡಬಾರದು ಅಂತ ಬರದಾರ. ಕೋರ್ಟ್ ಆದೇಶ, ಇನ್ನೊಬ್ಬರಿಗೆ ಗಂಭೀರ ಅಪಾಯ, ಸರ್ಕಾರಕ್ಕ ತಿಳಿಸಲೇಬೇಕಾದ ರೋಗ ಇವಷ್ಟೇ ಹೊರತು. ಅದೇ ನಿಯಮದಾಗ, ರೋಗಿ ಕೇಳಿದ್ರ 72 ತಾಸಿನೊಳಗ ದಾಖಲೆ ಕೊಡಬೇಕು ಅಂತನೂ ಅದ. ಆ ಸೆಂಟರಿನ ಡಾಕ್ಟರಿಗೆ ನೀ ಇದನ್ನ ಕೇಳಬಹುದು.

ರಜಾ ಸರ್ಟಿಫಿಕೇಟಿನ ಸುದ್ದಿನೂ ಹೇಳ್ತೀನಿ. ಛಾಪಿಸಿದ ಫಾರ್ಮಿನ್ಯಾಗ ‘ಇವರು ____ ಕಾಯಿಲೆಯಿಂದ ಬಳಲುತ್ತಿದ್ದು’ ಅಂತ ಒಂದು ಖಾಲಿ ಜಾಗ ಇರ್ತದ. ಮೊನ್ನೆ ಒಬ್ಬಾಕಿ ಶಾಲೆ ಟೀಚರ್, ಗರ್ಭ ಹೋಗಿತ್ತು. “ಮೇಡಂ, ಅಲ್ಲಿ ಏನರೆ ಬ್ಯಾರೆ ಬರೀರಿ, ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಓದ್ತಾರ” ಅಂತ ಅತ್ತಳು. ಸುಳ್ಳು ಬರೆಯೂದು ನನಗೂ ಆಗೂದಿಲ್ಲ. ‘ವೈದ್ಯಕೀಯ ಕಾರಣಕ್ಕೆ 15 ದಿನ ವಿಶ್ರಾಂತಿ ಅಗತ್ಯ’ ಅಂತ ಬರದೆ. ಹೆಡ್‌ಮಾಸ್ಟರ್ ಫೋನ್ ಮಾಡಿ ಕೇಳಿದ್ರು. ಇದಕ್ಕಿಂತ ಹೆಚ್ಚಿಗಿ ಹೇಳೂದಿಲ್ರಿ ಅಂದೆ. ರಜಾ ಮಂಜೂರ ಆತು. ಖಾಲಿ ಜಾಗ ಅದ ಅಂತ ತುಂಬಲೇಬೇಕು ಅಂತಿಲ್ಲ.

ಗುಳಿಗೆ ಡಬ್ಬಿ

ಊರು ಹೇಳಲ್ಲ. ನಾನು ಎಚ್‌ಐವಿ ಜೊತೆ 11 ವರ್ಷದಿಂದ ಬದುಕುತ್ತಿದ್ದೇನೆ. ಎಆರ್‌ಟಿ ಸೆಂಟರ್‌ನಿಂದ ಗುಳಿಗೆ ತಂದ ಕೂಡಲೇ ಡಬ್ಬಿಯ ಚೀಟಿ ಕಿತ್ತು, ಹಳೇ ಬಿ ಕಾಂಪ್ಲೆಕ್ಸ್ ಡಬ್ಬಿಗೆ ಸುರಿದುಕೊಳ್ಳುತ್ತೇನೆ. ಅಲ್ಲಾಡಿದರೆ ಸದ್ದು ಬರದಿರಲಿ ಅಂತ ಒಳಗೆ ಹತ್ತಿ ತುರುಕುತ್ತೇನೆ. ವಕೀಲರು ಹೇಳಿದ ಕಾಯ್ದೆ ನನಗೆ ಗೊತ್ತು. ಹಿಂದಿನ ಕಂಪನಿಯಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಅಂದಾಗ ಆ ಕಾಯ್ದೆಯ ಪ್ರತಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ. ಆದರೆ ‘ನನ್ನ ರಕ್ತದಲ್ಲಿ ಇದನ್ನು ನೋಡಬೇಡಿ’ ಎಂದು ಕೇಳಿದವನನ್ನೇ ಎಲ್ಲರೂ ತಿರುಗಿ ನೋಡುತ್ತಾರಲ್ಲ. ಕಾಗದ ತೆಗೆಯಲಿಲ್ಲ, ಕೆಲಸ ಬಿಟ್ಟು ಬಂದೆ. ಹಕ್ಕು ಕೇಳಬೇಕಾದರೆ ಮೊದಲು ಗುಟ್ಟು ಬಿಡಬೇಕು. ಇದಕ್ಕೊಂದು ದಾರಿ ಯಾರಾದರೂ ಹೇಳಿ.

ಪೀಣ್ಯದವನು

ಗುಳಿಗೆ ಡಬ್ಬಿ ಅವರೇ, ನೀವು ಕೇಳಬೇಕಾದ ಪರಿಸ್ಥಿತಿಯೇ ಬರಬಾರದು. ಪ್ಯಾಕೇಜ್‌ನಿಂದಲೇ ಆ ಪರೀಕ್ಷೆ ತೆಗೆಸೋದು ಎಚ್‌ಆರ್‌ನವರ ಕೆಲಸ. ನಮ್ಮಲ್ಲಿ ಸೆಂಟರ್ ಕೊಟ್ಟ ಪಟ್ಟಿ ತೆಗೆದು ನೋಡಿದೆ. ಯಾರೋ ಯಾವತ್ತೋ ಒಪ್ಪಿಕೊಂಡ ಪಟ್ಟಿ. ಗರ್ಭಧಾರಣೆ ಪರೀಕ್ಷೆ ಕೂಡ ಇದೆ! ನಾಳೆ ಬೆಳಿಗ್ಗೆ ಇದನ್ನು ಎತ್ತುತ್ತೇನೆ. 100 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಎಚ್‌ಐವಿ ಕಾಯ್ದೆ ಪ್ರಕಾರ ದೂರು ಅಧಿಕಾರಿ ಇರಬೇಕು. ನಮ್ಮಲ್ಲಿ ಯಾರು ಅಂತ ನನಗೇ ಗೊತ್ತಿಲ್ಲ, ಅದನ್ನೂ ಕೇಳ್ತೀನಿ.

ಲೀಡ್ಸ್ ಕನ್ನಡಿಗ

ಇಲ್ಲಿನ ಅನುಭವ ಹೇಳುತ್ತೇನೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ 60ನೇ ಕಲಮಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ ಆಫರ್ ಕೊಡುವ ಮುಂಚೆ ಆರೋಗ್ಯದ ಪ್ರಶ್ನೆ ಕೇಳುವಂತಿಲ್ಲ. ಆಫರ್ ಆದ ಮೇಲೆ ಫಾರ್ಮ್ ಬರುತ್ತೆ, ಅದನ್ನು ನೋಡೋದು ಆಕ್ಯುಪೇಷನಲ್ ಹೆಲ್ತ್ ನರ್ಸ್, ಅಂದರೆ ನೌಕರರ ಆರೋಗ್ಯ ನೋಡಿಕೊಳ್ಳುವ ನರ್ಸ್. ನನಗೆ ಒಂದು ಕಾಲದಲ್ಲಿ ಬೆನ್ನುಹುರಿ ಆಪರೇಷನ್ ಆಗಿತ್ತು. ಮ್ಯಾನೇಜರ್‌ಗೆ ಹೋದ ಕಾಗದದಲ್ಲಿ ಇದ್ದದ್ದು ಎರಡೇ ಸಾಲು: ‘ಕೆಲಸಕ್ಕೆ ಯೋಗ್ಯ. ಎತ್ತರ ಬದಲಿಸಬಹುದಾದ ಮೇಜು ಬೇಕು.’ ಮೇಜು ಯಾಕೆ ಅಂತ ಅವರು ಇವತ್ತಿಗೂ ಕೇಳಿಲ್ಲ.

ವಕೀಲರು ಹೇಳಿದ ‘ಬಂದು ಹೋದವರು’ ಇಲ್ಲಿನ ಕಾಯ್ದೆಯಲ್ಲಿದ್ದಾರೆ. ಹಿಂದೆ ವೈಕಲ್ಯ ಇದ್ದವರನ್ನೂ ಈಗ ಇರುವವರ ಹಾಗೇ ಕಾಪಾಡಬೇಕು. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಲ್ಲೂ ಅಂಥ ‘ದಾಖಲೆ ಇರುವವರು’ ಅನ್ನೋ ಮಾತಿದೆ. ಇಟಲಿಯಲ್ಲಿ 2023ರಲ್ಲಿ ಬಂದ ಕಾನೂನು ಇನ್ನೂ ಮುಂದೆ ಹೋಗಿದೆ. ಕ್ಯಾನ್ಸರ್ ಚಿಕಿತ್ಸೆ ಮುಗಿದು ಮರುಕಳಿಸದೆ 10 ವರ್ಷ ಆದರೆ, 21 ತುಂಬುವ ಮುಂಚೆ ಬಂದಿದ್ದಾದರೆ 5 ವರ್ಷ ಆದರೆ, ಸಾಲ, ವಿಮೆಗೆ ಅದನ್ನು ಕೇಳುವಂತಿಲ್ಲ. ಇಲ್ಲಿ ಎಲ್ಲಾ ಸರಿ ಇದೆ ಅಂತ ಹೇಳ್ತಿಲ್ಲ, ಬೇರೆ ಕಾರಣ ತೋರಿಸಿ ಬಿಡುವವರು ಇಲ್ಲೂ ಇದ್ದಾರೆ. ಆದರೆ ಹೆಸರಿಟ್ಟು ಕೇಳಲು ಒಂದು ಸಾಲು ಇದೆ.

ಮಂಡ್ಯದ ಅಮ್ಮ

ನನ್ನ ಮಗನಿಗೆ ಆರು ವರ್ಷಕ್ಕೆ ರಕ್ತದ ಕ್ಯಾನ್ಸರ್ ಬಂದಿತ್ತು. ಈಗ 21, ಡಿಪ್ಲೊಮಾ ಮುಗ್ಸವ್ನೆ. ಇಟಲಿ ವಿಷ್ಯ ಓದಿ ಕಣ್ಣಲ್ಲಿ ನೀರು ಬಂತು. ಒಂದು ಕೇಳ್ಬೇಕಿತ್ತು. ಅಭಾ ಅಂತ ಸರ್ಕಾರದ ಆರೋಗ್ಯ ಖಾತೆ ಐತಲ್ಲ, ಆಸ್ಪತ್ರೇಲಿ ಚೀಟಿ ಬೇಕಾದ್ರೆ ಅದ್ರ ಕೋಡ್ ಸ್ಕ್ಯಾನ್ ಮಾಡಿ ಅಂತಾರೆ. ಅದ್ರಲ್ಲಿ ಹಳೇದೆಲ್ಲಾ ಬರ್ತದಾ? ನಾಳೆ ಕಂಪ್ನಿಯೋರು ನೋಡ್ಬಹುದಾ?

ಕೋಟೆ ಊರಿನ ವಕೀಲ

ಅಮ್ಮಾ, ಗಾಬರಿ ಬೇಡ. ಆ 14 ಅಂಕಿಯ ಅಭಾ ಸಂಖ್ಯೆ ಕಡ್ಡಾಯವಲ್ಲ. ಇಲ್ಲ ಅಂದರೂ ಚಿಕಿತ್ಸೆ ಕೊಡಬೇಕು. ಇದ್ದರೂ ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ಯಾವುದನ್ನು, ಯಾರಿಗೆ, ಎಷ್ಟು ದಿನಕ್ಕೆ ತೋರಿಸಬೇಕು ಎಂದು ಆ್ಯಪ್‌ನಲ್ಲಿ ನಿಮ್ಮ ಮಗನೇ ಒಪ್ಪಿಗೆ ಕೊಡಬೇಕು, ಕೊಟ್ಟದ್ದನ್ನು ಹಿಂದಕ್ಕೂ ಪಡೆಯಬಹುದು. ಆದರೆ ಕೆಲಸ ಕೊಡುವವನು ಎದುರಿಗೆ ಕೂತು ‘ಮೊಬೈಲ್ ತೆಗೆದು ತೋರಿಸಿ’ ಎಂದಾಗ ಒತ್ತುವ ಬಟನ್ ಒಪ್ಪಿಗೆ ಅಲ್ಲ. ಹಾಗೆ ಯಾರಾದರೂ ಕೇಳಿದರೆ ಬರವಣಿಗೆಯಲ್ಲಿ ಕೇಳಿ ಎನ್ನಲು ಮಗನಿಗೆ ಹೇಳಿ. ಬರವಣಿಗೆಯಲ್ಲಿ ಕೇಳುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ.

ಕುಲುಮೆ ಹತ್ತಿರದವ, ಬಳ್ಳಾರಿ ಜಿಲ್ಲೆ

ಡಾಕ್ಟ್ರಮ್ಮ ಹೇಳಿದ್ದು ಯೋಚನೆ ಮಾಡಿದೆ. ನಮ್ಮ ಕ್ರೇನ್ ಹುಡುಗ ಮುಚ್ಚಿಟ್ಟಿದ್ದು ಯಾಕೆ? ಹೇಳಿದರೆ ಗೇಟಿನಿಂದಲೇ ಆಚೆ ಅಂತ ಗೊತ್ತಿತ್ತು. ಹೇಳಿದರೆ ಕೆಳಗೆ ಸ್ಟೋರ್‌ನಲ್ಲಿ ಕೆಲಸ ಕೊಡ್ತಾರೆ ಅಂತ ಇದ್ದಿದ್ದರೆ ಹೇಳ್ತಿದ್ದನೇನೋ. ಅಪಘಾತ ಆದಮೇಲೆ ಅವನನ್ನು ತೆಗೆದರು. ಆಗ ನಾನೂ ಸುಮ್ಮನಿದ್ದೆ.

ತುಂಗೆಯ ಮಗಳು, ಶಿವಮೊಗ್ಗ (ಒಂದೂವರೆ ತಿಂಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ವಕೀಲರು ಮಾಡಿಕೊಟ್ಟ ಪತ್ರವನ್ನು ಕಂಪನಿಯ ದೂರು ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಕೇಳಿದ್ದು ಮೂರೇ ವಿಷಯ. ನನ್ನ ರಿಪೋರ್ಟಿನ ಪ್ರತಿ ಕೊಡಿ, ಯಾರ್ಯಾರಿಗೆ ಕಳಿಸಿದ್ದೀರಿ ತಿಳಿಸಿ, ನಾನು ಒಪ್ಪಿಗೆ ಹಿಂದಕ್ಕೆ ಪಡೆದಿದ್ದೇನೆ, ಅಳಿಸಿ. 26ನೇ ದಿನಕ್ಕೆ ಉತ್ತರ ಬಂತು. ಪ್ರತಿ ಕಳಿಸಿದ್ದರು. ರಿಪೋರ್ಟಿನ ಕೊನೆಯ ಪುಟದಲ್ಲಿ ಸೆಂಟರಿನ ಡಾಕ್ಟರ್ ‘ಕೆಲಸಕ್ಕೆ ಯೋಗ್ಯ’ ಅಂತಲೇ ಬರೆದು ಸಹಿ ಹಾಕಿದ್ದರು! ಅದನ್ನು ನೋಡಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಫಿಟ್ ಅಂದಿದ್ದರು, ಮ್ಯಾನೇಜರ್ ಓದಿದ್ದು ಜೆರಾಕ್ಸ್ ಮೇಲಿದ್ದ ಆಸ್ಪತ್ರೆಯ ಹೆಸರನ್ನು.

ರಿಪೋರ್ಟ್ ಹೋದವರ ಪಟ್ಟಿಯಲ್ಲಿ ಒಂಬತ್ತು ಜನ ಇದ್ದಾರೆ. ನಮ್ಮ ಬೀದಿಯ ಹುಡುಗನ ಹೆಸರು ಅದರಲ್ಲಿಲ್ಲ. ಅಂದರೆ ಆ ಒಂಬತ್ತರಲ್ಲಿ ಯಾರೋ ಬಾಯಲ್ಲಿ ಹೇಳಿದ್ದಾರೆ. ಎಲ್ಲಾ ಕಡೆಯಿಂದ ಅಳಿಸಿದ್ದೇವೆ ಅಂತ ಬರೆದುಕೊಟ್ಟಿದ್ದಾರೆ. ಕೆಲಸದ ಬಗ್ಗೆ ಒಂದು ಮಾತೂ ಇಲ್ಲ.

ಅಮ್ಮ ಆ ರಿಪೋರ್ಟಿನ ಕೊನೆಯ ಪುಟ ತಗೊಂಡು ಹೂವಿನ ಅಂಗಡಿಗೆ ಹೋಗ್ತೀನಿ ಅಂದರು. ಬೇಡ ಅಂದೆ. ಯಾರಿಗೂ ನಾವು ಕಾಗದ ತೋರಿಸುವ ಅಗತ್ಯ ಇಲ್ಲ ಅಂತ ಹೇಳಿದೆ.

ಹೋದ ವಾರ ದಾವಣಗೆರೆಯಲ್ಲಿ ಒಂದು ಕಡೆ ಕೆಲಸ ಆಯ್ತು. ಅಲ್ಲೂ ಫಾರ್ಮ್, ಅಲ್ಲೂ ‘ಎಂದಾದರೂ’. ಈ ಸಲ ಆ ಚೌಕಗಳಿಗೆ ಹೌದು, ಇಲ್ಲ ಎರಡೂ ಹಾಕಲಿಲ್ಲ. ಅಡ್ಡಗೆರೆ ಎಳೆದು ‘ಈ ಹುದ್ದೆಗೆ ವೈದ್ಯಕೀಯವಾಗಿ ಯೋಗ್ಯಳೆಂಬ ಪ್ರಮಾಣಪತ್ರ ಲಗತ್ತಿಸಿದೆ’ ಅಂತ ಬರೆದೆ. ನಮ್ಮ ನರರೋಗ ಡಾಕ್ಟರ್ ಅದನ್ನು ಕೊಟ್ಟಿದ್ದರು, ಒಂದೇ ಸಾಲು, ಕಾಯಿಲೆ ಹೆಸರಿಲ್ಲ. ಅಲ್ಲಿನ ಎಚ್‌ಆರ್ ಹೆಂಗಸು ಓದಿ, ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು. ಎದೆ ಹೊಡೆದುಕೊಳ್ಳುತ್ತಿತ್ತು. ಏನೋ ಕೇಳುತ್ತಾರೆ ಅಂದುಕೊಂಡೆ. ಪಂಚ್ ಮಾಡಿ ಫೈಲಿಗೆ ಹಾಕಿ, “ಒಂದನೇ ತಾರೀಖು ಬನ್ನಿ” ಅಂದರು.

ಕಡಲ ತಡಿಯಣ್ಣಾ, ನಿಮ್ಮ ಎಕ್ಸ್‌ರೇಯನ್ನು ಇನ್ನೊಬ್ಬ ಶ್ವಾಸಕೋಶ ತಜ್ಞರಿಗೆ ತೋರಿಸ್ತೀನಿ ಅಂತ ಡಾಕ್ಟ್ರಮ್ಮ ನನಗೆ ಹೇಳಿದ್ದಾರೆ, ಅವರಿಗೆ ಕಳಿಸಿ. ಪತ್ರದ ನಕಲು ಬೇಕಾದವರು ಕೇಳಿ, ಹೆಸರು ತೆಗೆದು ಹಾಕುತ್ತೇನೆ.

ಗುಳಿಗೆ ಡಬ್ಬಿ

ನನಗೊಂದು ಕಳಿಸಿ.

ಮಂಡ್ಯದ ಅಮ್ಮ

ನಂಗೂ ಕಳ್ಸವ್ವಾ. ಮಗನ್ಗೆ ಬುಧವಾರ ಇಂಟರ್‌ವ್ಯೂ ಐತೆ.